ಕಪ್ಪಂಚಿನ ಹಾಳೆಯಲ್ಲಿ ಬಿಟ್ಟುಹೋದ ಹೆಸರು

ಹಲಸೂರಿನಿಂದ

ಇಟಲಿಗೆ ಹೋಗಿ ಬಂದವರು ಚರ್ಚು, ಚಿತ್ರ, ಕಾರಂಜಿ, ವಾಲಿದ ಗೋಪುರಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ಅಲ್ಲಿವೆ, ಚೆನ್ನಾಗಿಯೂ ಇವೆ. ನಾನು ಒಂಬತ್ತು ತಿಂಗಳು ಅಲ್ಲಿದ್ದು ಹೆಚ್ಚಾಗಿ ನೋಡಿದ್ದು ಒಂದು ಗೋಡೆಯನ್ನು. ಆ ಗೋಡೆಯ ಮುಂದೆ ನಿಂತು ಒಬ್ಬ ಮುದುಕಿಗೆ ನಾನು ಮಾಡಿದ ಕೆಲಸವನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಸಣ್ಣ ಊರು, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ.

ನಮ್ಮ ಅಪ್ಪನದು ಹಲಸೂರಿನ ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಪ್ರೆಸ್ಸು. ಕಾಲಲ್ಲಿ ತುಳಿಯುವ ಯಂತ್ರ, ಮೂರು ಭಾಷೆಯ ಅಚ್ಚುಮೊಳೆಗಳು. ಮದುವೆ ಪತ್ರಿಕೆಗಳನ್ನು ಜನ ಚಿಕ್ಕಪೇಟೆಗೋ ಕಮರ್ಷಿಯಲ್ ಸ್ಟ್ರೀಟಿಗೋ ಹೋಗಿ ಮಿರಿಮಿರಿ ಕಾಗದದಲ್ಲಿ ಮಾಡಿಸಿಕೊಳ್ಳುತ್ತಿದ್ದರು. ಸಾವಿನ ಪೋಸ್ಟರಿಗೆ ಮಾತ್ರ ನಮ್ಮಲ್ಲಿಗೇ ಬರುತ್ತಿದ್ದರು, ಏಕೆಂದರೆ ಅದಕ್ಕೆ ದೂರ ಹೋಗುವಷ್ಟು ಹೊತ್ತಿರುವುದಿಲ್ಲ. ಬೆಳಿಗ್ಗೆ ಹೋದವರ ಪೋಸ್ಟರು ಮಧ್ಯಾಹ್ನಕ್ಕೆ ಗೋಡೆಯ ಮೇಲಿರಬೇಕು. ತಮಿಳಿನಲ್ಲಿ ಕಣ್ಣೀರಂಜಲಿ, ಕನ್ನಡದಲ್ಲಿ ಶ್ರದ್ಧಾಂಜಲಿ, ನಡುವೆ ಹಾರ ಹಾಕಿದ ಫೋಟೋ, ಕೆಳಗೆ ದುಃಖತಪ್ತರ ಪಟ್ಟಿ. ಹಲಸೂರು ಕೆರೆಯಿಂದ ಟಿನ್ ಫ್ಯಾಕ್ಟರಿವರೆಗಿನ ಗೋಡೆಗಳಲ್ಲಿ ನಮ್ಮ ಪ್ರೆಸ್ಸಿನ ಕೆಲಸ ಯಾವುದು, ಬೇರೆಯವರದು ಯಾವುದು ಎಂದು ಬಸ್ಸಿನ ಕಿಟಕಿಯಿಂದಲೇ ಹೇಳುತ್ತಿದ್ದೆ. ಬೇರೆಯವರದರಲ್ಲಿ ತಪ್ಪು ಕಂಡರೆ ಆ ದಿನವೆಲ್ಲ ಖುಷಿ.

ಒಮ್ಮೆ ಒಬ್ಬ ಹಿರಿಯರ ಪೋಸ್ಟರಿನಲ್ಲಿ ಎರಡನೇ ಅಳಿಯನ ಹೆಸರು ಬಿಟ್ಟುಹೋಗಿತ್ತು. ಆತ ಪ್ರೆಸ್ಸಿಗೆ ನುಗ್ಗಿ ತಮಿಳಿನಲ್ಲೂ ಕನ್ನಡದಲ್ಲೂ ಬೈದ. ಅಪ್ಪ ಕೈಮುಗಿದು, "ತಪ್ಪು ನಂದೇ ಸ್ವಾಮಿ, ಅವಸರದಲ್ಲಿ ಬಿಟ್ಬಿಟ್ಟೆ" ಎಂದರು. ಒಂದೂ ಪ್ರಶ್ನೆ ಕೇಳದೆ ಹೊಸದಾಗಿ ಅಚ್ಚು ಹಾಕಿ, ಹಳೆಯದರ ಮೇಲೆಯೇ ಅಂಟಿಸಿಬಿಟ್ಟರು. ಸಂಜೆ ಆ ಅಳಿಯನೇ ಹೆಣಕ್ಕೆ ಹೆಗಲು ಕೊಟ್ಟ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಬಿಟ್ಟುಹೋದ ಹೆಸರೆಂದರೆ ಅಚ್ಚಿನವರ ತಪ್ಪು, ಅಂಟಿಸಿದರೆ ಸರಿಹೋಗುತ್ತದೆ ಎಂದು ಅವತ್ತು ನನ್ನ ತಲೆಯಲ್ಲಿ ಕೂತಿತು.

ಇಟಾಲಿಯನ್ ಕಲಿತದ್ದಕ್ಕೆ ದೊಡ್ಡ ಕಾರಣವೇನಿಲ್ಲ. ದಂಡುಪ್ರದೇಶದ ಒಂದು ಕಾಲೇಜಿನಲ್ಲಿ ಸಂಜೆ ಹೊತ್ತು ವಿದೇಶಿ ಭಾಷೆಗಳನ್ನು ಹೇಳಿಕೊಡುತ್ತಿದ್ದರು. ಫ್ರೆಂಚಿನ ತರಗತಿ ತುಂಬಿಹೋಗಿತ್ತು, ಜರ್ಮನ್ನಿಗೆ ಎಂಜಿನಿಯರುಗಳ ಸಾಲಿತ್ತು. ಇಟಾಲಿಯನ್‌ಗೆ ಐದು ಜನರಿದ್ದೆವು. "ಕಲ್ತು ಏನಮ್ಮಾ ಮಾಡ್ತೀಯ? ಪೋಪ್‌ಗೆ ಇನ್ವಿಟೇಶನ್ ಪ್ರಿಂಟ್ ಮಾಡ್ತೀಯ?" ಎಂದು ಅಪ್ಪ ರೇಗಿಸುತ್ತಿದ್ದರು. ಮೂರು ವರ್ಷ ಕಳೆದ ಮೇಲೆ ಐದು ಜನರಲ್ಲಿ ಉಳಿದವಳು ನಾನೊಬ್ಬಳೇ. ಹಾಗಾಗಿ ಒಂದು ವಿದ್ಯಾರ್ಥಿವೇತನ ಬಂದಾಗ ಅದಕ್ಕೆ ಪೈಪೋಟಿಯೇ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿತ್ತು. ಅಕ್ಟೋಬರಿನಲ್ಲಿ ಹೊರಟೆ.

ಮೂರನೇ ಮಹಡಿ

ವಿಶ್ವವಿದ್ಯಾಲಯವಿದ್ದದ್ದು ಇಟಲಿಯ ನಡುಭಾಗದಲ್ಲಿ, ಬೆಟ್ಟದ ನೆತ್ತಿಯ ಮೇಲಿನ ಒಂದು ಊರಿನಲ್ಲಿ. ರೈಲು ಕೆಳಗೇ ಬಿಟ್ಟುಬಿಡುತ್ತದೆ. ಅಲ್ಲಿಂದ ಮೇಲೆ ಬಸ್ಸು, ಆಮೇಲೆ ಮೆಟ್ಟಿಲು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿ ಮೆಟ್ಟಿಲ ಮೇಲೆ ಬಿದ್ದು ಬಿಚ್ಚಿಕೊಂಡಿತು. ಮಳೆ ಬಂದು ಆ ಕಲ್ಲುಗಳು ವಾರವಿಡೀ ಕೆಂಪಗೆ ಕಾಣುತ್ತಿದ್ದವು. ಊರಿಗೆ ನನ್ನ ಮೊದಲ ಪರಿಚಯ ಅದೇ.

ನನಗೆ ಕೋಣೆ ಕೊಟ್ಟವರು ಇನೆಸ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಮದುವೆಯಾದವರಲ್ಲ. ಸ್ವಿಟ್ಜರ್ಲೆಂಡಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಹೊಲಿಗೆ ಮಾಡಿ ಹಿಂತಿರುಗಿದವರು. ಮಂಡಿ ನೋವು, ಮೂರನೇ ಮಹಡಿ, ಲಿಫ್ಟಿಲ್ಲ. ಚಳಿಗಾಲದಲ್ಲಿ ಕೆಳಗಿಳಿಯುವುದೇ ಇಲ್ಲ ಎಂದರು. ಅವರ ಮಾತನ್ನು ನಾನು ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತೇನೆ. ಅವರೂ ಪುಸ್ತಕದ ಇಟಾಲಿಯನ್ ಆಡುತ್ತಿರಲಿಲ್ಲ. ಪದಗಳ ಬಾಲ ಕತ್ತರಿಸಿ ಎಸೆಯುತ್ತಿದ್ದರು, ನಾವು ಮಾಡುವ ಹಾಗೆಯೇ.

ಆ ಸೀಮೆಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ದಿನ ನಾನು ಮರೆತಿದ್ದಾರೆಂದು ತಿಳಿದು ಉಪ್ಪು ಕೇಳಿದೆ. ಇನೆಸ್ ಉಪ್ಪಿನ ಬಟ್ಟಲನ್ನು ತಂದಿಟ್ಟು, ನಾನು ಬ್ರೆಡ್ಡಿನ ಮೇಲೆ ಉಪ್ಪು ಉದುರಿಸಿ ತಿನ್ನುವುದನ್ನು ಕಾಯಿಲೆಯವರನ್ನು ನೋಡುವಂತೆ ನೋಡಿದರು. ಭಾನುವಾರ ನಾನು ಎಣ್ಣೆನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಕಿಟಕಿ ತೆಗೆದು ನಿಂತಿದ್ದಕ್ಕೆ ಕಿರುಚಿಕೊಂಡರು.

"ಸಾಯ್ಬೇಕು ಅಂತಿದೀಯಾ? ಒದ್ದೆ ತಲೆ, ಬೆಟ್ಟದ ಗಾಳಿ! ನಿಮ್ಮಮ್ಮಂಗೆ ನಾನೇನು ಹೇಳ್ಲಿ?"

ತಲೆ ಒಣಗಿಸುವ ಯಂತ್ರ ಹಿಡಿದು ಮಂಡಿನೋವಿನಲ್ಲೂ ನನ್ನ ಹಿಂದೆ ಅರ್ಧ ಗಂಟೆ ನಿಂತರು. ಆ ಶಬ್ದದಲ್ಲಿ ನಾನು ಅಳುತ್ತಿದ್ದುದು ಅವರಿಗೆ ಕೇಳಲಿಲ್ಲ. ಬಂದ ಮೊದಲ ತಿಂಗಳು ನನಗೆ ಅಳು ಯಾವಾಗ ಬರುತ್ತಿತ್ತು ಎಂದು ಹೇಳುವುದೇ ಕಷ್ಟ. ಬಟ್ಟೆ ಒಣಗುವುದಿಲ್ಲ, ಹೊತ್ತು ಐದಕ್ಕೆ ಮುಳುಗುತ್ತದೆ, ಬೀದಿಯಲ್ಲಿ ಒಂದು ಹಾರನ್ ಇಲ್ಲ. ಶಿವಾಜಿನಗರದ ಬಸ್ ನಿಲ್ದಾಣದ ಗಲಾಟೆಯನ್ನು ಯಾರಾದರೂ ಟೇಪಿನಲ್ಲಿ ತುಂಬಿ ಕಳಿಸಿದ್ದರೆ ಹಾಕಿಕೊಂಡು ಮಲಗುತ್ತಿದ್ದೆ.

ಗೋಡೆ

ಮನೆಯೆದುರಿನ ಚೌಕದ ಮೂಲೆಯಲ್ಲಿ ಒಂದು ಹಳೆಯ ಗೋಡೆ. ಅದರ ಮೇಲೆ ಕಪ್ಪು ಅಂಚಿನ ಬಿಳಿ ಹಾಳೆಗಳು. ಮೊದಲ ವಾರ ಸಂಗೀತ ಕಛೇರಿಯ ಜಾಹೀರಾತು ಇರಬೇಕೆಂದು ಹತ್ತಿರ ಹೋದೆ. ದೊಡ್ಡ ಅಕ್ಷರದಲ್ಲಿ ಹೆಸರು, ವಯಸ್ಸು, ಸತ್ತವರಿಗಾಗಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯ ಹೊತ್ತು, ಚರ್ಚಿನ ಹೆಸರು, "ಈ ದುಃಖದ ಸುದ್ದಿಯನ್ನು ತಿಳಿಸುವವರು" ಎಂಬ ಸಾಲು, ಅದರ ಕೆಳಗೆ ಹೆಂಡತಿ, ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು, ಒಡಹುಟ್ಟಿದವರು.

ನನಗಾದ ಸಂತೋಷವನ್ನು ಹೇಳಿದರೆ ನಗುತ್ತೀರಿ. ಸಾವಿರಾರು ಮೈಲಿ ದೂರದಲ್ಲಿ ನಮ್ಮ ಪ್ರೆಸ್ಸಿನ ಗೋಡೆ! ಫೋಟೋ ಇಲ್ಲ, ಹಾರ ಇಲ್ಲ, ಪಕ್ಷದ ಮುಖಂಡರ ಸಂತಾಪ ಇಲ್ಲ. ಉಳಿದದ್ದೆಲ್ಲ ನಮ್ಮದೇ, ಹೆಸರುಗಳ ಸಾಲು ಕೂಡ ಅದೇ ಕ್ರಮದಲ್ಲಿ. ಅಂದಿನಿಂದ ನಾನು ಇಟಾಲಿಯನ್ ಕಲಿತದ್ದು ಆ ಗೋಡೆಯ ಮುಂದೆ. ಸಂಬಂಧವಾಚಕಗಳು, ಸಂಖ್ಯೆಗಳು, ಗಂಟೆ ಹೇಳುವುದು, ಭೂತಕಾಲದ ಕ್ರಿಯಾಪದ, ಎಲ್ಲವೂ ಅಲ್ಲಿದ್ದವು.

ತರಗತಿಯಲ್ಲಿ ನಾವು ಹದಿನೆಂಟು ಮಂದಿ, ಹತ್ತು ದೇಶದವರು. ಸಂಸ್ಕೃತಿಯ ಪತ್ರಿಕೆಗೆ ಪ್ರತಿಯೊಬ್ಬರೂ ಊರಿನ ಒಂದು ರೂಢಿಯನ್ನು ಆರಿಸಿಕೊಂಡು ಪ್ರಬಂಧ ಬರೆಯಬೇಕು, ಆಮೇಲೆ ಪ್ರೊಫೆಸರ್ ಎದುರು ಕೂತು ಬಾಯಲ್ಲಿ ಉತ್ತರ ಹೇಳಬೇಕು. ಉಳಿದವರು ವೈನು, ಗಿಣ್ಣು, ಕುದುರೆ ಓಟ ಎಂದರು. ನಾನು ಸಾವಿನ ಹಾಳೆ ಎಂದಾಗ ಪಕ್ಕದಲ್ಲಿದ್ದ ಹುಡುಗ ಮೇಜಿನ ಕಬ್ಬಿಣದ ಕಾಲನ್ನು ಮುಟ್ಟಿಕೊಂಡ. ಅಪಶಕುನ ಕೇಳಿದರೆ ಇಟಲಿಯವರು ಹಾಗೆ ಮಾಡುತ್ತಾರೆ. ಪ್ರೊಫೆಸರ್ ಮಾತ್ರ ಕನ್ನಡಕ ತೆಗೆದು ನನ್ನನ್ನು ಚೆನ್ನಾಗಿ ನೋಡಿದರು. ಬೆಳ್ಳಿಕೂದಲಿನ, ಸಿಗರೇಟಿನ ದನಿಯ ಹೆಂಗಸು.

"ನಿಮಗೆ ಇದರಲ್ಲಿ ಯಾಕೆ ಆಸಕ್ತಿ?"

"ನಮ್ಮ ಮನೆಯ ಕಸುಬು."

"ಹಾಗಾದ್ರೆ ನೀವೇ ನಮಗೆ ಹೇಳ್ಕೊಡಿ" ಎಂದು ಬರೆದುಕೊಂಡರು. ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾಯಿತು.

ಇನೆಸ್ ಕೇಳಿದ್ದು

ಡಿಸೆಂಬರಿನಿಂದ ಇನೆಸ್ ಕೆಳಗಿಳಿಯುವುದನ್ನು ಬಿಟ್ಟರು. ಗೋಡೆ ಓದಿ ಬಂದು ಹೇಳುವುದು ನನ್ನ ಕೆಲಸವಾಯಿತು. ಅವರು ಕಾಫಿ ಕುದಿಸುತ್ತಿದ್ದರು, ನಾನು ಹೇಳುತ್ತಿದ್ದೆ: ಇಂಥವರು, ಇಷ್ಟು ವಯಸ್ಸು. "ಅಯ್ಯೋ, ಅವಳಾ? ಶಾಲೇಲಿ ನನ್ನ ಮುಂದಿನ ಬೆಂಚು" ಎನ್ನುತ್ತಿದ್ದರು, ಅಥವಾ "ಹೋಗ್ಲಿ ಬಿಡು, ಬದುಕಿದ್ದಾಗ್ಲೂ ಉಪಯೋಗಕ್ಕೆ ಬಂದೋನಲ್ಲ" ಎನ್ನುತ್ತಿದ್ದರು. ಒಂದು ದಿನ ಕಾಫಿ ಸುರಿಯುತ್ತ ನನ್ನ ಮುಖ ನೋಡದೆ ಹೇಳಿದರು.

"ಆಲ್ದೋ ಅಂತ ಒಬ್ಬನ ಹೆಸ್ರು ಬರುತ್ತೆ. ಆಸ್ಪತ್ರೇಲಿದಾನೆ, ತುಂಬ ದಿನ ಇಲ್ಲ. ಅವನು ನಮ್ಮಣ್ಣ."

ಚೌಕದ ಆಚೆ ತುದಿಯ ಹಸಿರು ಕಿಟಕಿಗಳ ಮನೆಯನ್ನು ತೋರಿಸಿದರು. ನಾನು ದಿನಾ ನೋಡುತ್ತಿದ್ದ ಮನೆ. ಆ ಮನೆಯವರು ಈ ಮನೆಗೆ ಬಂದದ್ದನ್ನು ನೋಡಿರಲಿಲ್ಲ.

"ಇಪ್ಪತ್ತೆರಡು ವರ್ಷ ಆಯ್ತು ಮಾತಾಡಿ. ಅಮ್ಮ ಹೋದಾಗ ನಾನು ಸ್ವಿಟ್ಜರ್ಲೆಂಡಲ್ಲಿದ್ದೆ. ರಜೆ ಸಿಗ್ಲಿಲ್ಲ. ಮೂರು ದಿನ ಲೇಟಾಗಿ ಬಂದೆ. ಬಾಗ್ಲಲ್ಲಿ ನಿಂತು ನನ್ನ ನೋಡ್ದ, ಒಳಗೆ ಹೋದ. ಅಷ್ಟೆ."

"ಆಸ್ಪತ್ರೆಗೆ ಹೋಗಿ ನೋಡಬಹುದಲ್ಲ? ನಾನು ಜೊತೆಗೆ ಬರ್ತೀನಿ."

"ಅವನು ಕರೀಬೇಕು. ದೊಡ್ಡೋನು ಅವನು." ಸಕ್ಕರೆ ಹಾಕಿ ಕಲಕಿದರು. ನನ್ನ ಲೋಟಕ್ಕೂ ಹಾಕಿ ಕಲಕಿದರು. "ನೀನು ಒಂದೇ ಒಂದು ನೋಡ್ಕೊಂಡು ಬಾ. ಹಾಳೇಲಿ ಕೆಳಗೆ ನನ್ನ ಹೆಸ್ರು ಇದ್ಯಾ ಅಂತ. ಇದ್ರೆ ಅವನೇ ಕರೆದ ಹಾಗೆ. ಹೋಗಿ ಕಳಿಸ್ಕೊಟ್ಟು ಬರ್ತೀನಿ. ಇಲ್ದಿದ್ರೆ ಈ ಕಿಟಕೀಲೇ ನಿಂತ್ಕೋತೀನಿ."

ಜನವರಿ, ಮಂಜು

ಬೆಟ್ಟದೂರಿನ ಜನವರಿಯಲ್ಲಿ ಮಂಜು ಮೇಲಿಂದ ಬೀಳುವುದಿಲ್ಲ, ಕೆಳಗಿನ ಕಣಿವೆಯಿಂದ ಮೇಲೇಳುತ್ತದೆ. ಆ ಬೆಳಿಗ್ಗೆ ಗೋಡೆಯ ಹತ್ತಿರ ಹೋಗುವತನಕ ಹಾಳೆ ಕಾಣಿಸಲಿಲ್ಲ. ಕಂಡಾಗ ಮೊದಲು ಓದಿದ್ದು ಆಲ್ದೋ ಎಂಬ ನಾಲ್ಕು ದೊಡ್ಡ ಅಕ್ಷರಗಳು. ಕೆಳಗೆ ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, "ಮತ್ತು ಬಂಧುಗಳು". ಒಡಹುಟ್ಟಿದವರ ಸಾಲೇ ಇರಲಿಲ್ಲ.

ಮೇಲೆ ನೋಡಿದೆ. ಮೂರನೇ ಮಹಡಿಯ ಕಿಟಕಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹಾಗಾದರೆ ಅಲ್ಲಿಂದ ನಾನೂ ಕಾಣುತ್ತಿಲ್ಲ.

ಈಗ ಯೋಚಿಸಿದರೆ, ಎರಡು ದಾರಿಗಳಿದ್ದವು. ಮೇಲೆ ಹೋಗಿ ಇಲ್ಲ ಎನ್ನಬಹುದಿತ್ತು. ಹಸಿರು ಕಿಟಕಿಯ ಮನೆಯ ಬಾಗಿಲು ಬಡಿದು ಕೇಳಬಹುದಿತ್ತು. ಅವೆರಡೂ ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಅವಸರದ ಕೆಲಸ. ವಯಸ್ಸಿನ ಒಂದು ಅಂಕಿ ತುಸು ಕೆಳಗೆ ಕೂತಿತ್ತು, ಅಂಚು ಒಂದು ಕಡೆ ದಪ್ಪ ಬಿದ್ದಿತ್ತು. ಬೆಳಗಿನ ಜಾವ ಸುದ್ದಿ ಬಂದು, ಅರ್ಧ ಎಚ್ಚರದಲ್ಲಿ ಮಾಡಿದ ಹಾಳೆ ಎಂದು ಯಾವ ಅಚ್ಚಿನವರ ಮಗಳಾದರೂ ಹೇಳುತ್ತಿದ್ದಳು. ಹೀಗೆ ಮಾಡುವಾಗಲೇ ಹೆಸರು ಬಿಟ್ಟುಹೋಗುವುದು. ತರಗತಿ ತಪ್ಪಿಸಿಕೊಂಡು ಹಾಳೆಯ ತುದಿಯಲ್ಲಿದ್ದ ಮುದ್ರಣಾಲಯದ ಹೆಸರು ಹಿಡಿದು ಹೊರಟೆ.

ಅದು ಚರ್ಚಿನ ಹಿಂದಿನ ಇಳಿಜಾರಿನಲ್ಲಿತ್ತು. ಒಳಗೆ ಕಾಲಿಟ್ಟಾಗ ಮಸಿ ಮತ್ತು ಸೀಮೆಎಣ್ಣೆಯ ವಾಸನೆ ಬಂದು ಮನಸ್ಸು ಹಗುರಾಯಿತು. ನಡೆಸುವವರು ರೆನಾತೋ, ಅಪ್ಪನ ವಯಸ್ಸಿನವರು, ಅಪ್ಪನ ಹಾಗೆಯೇ ಉಗುರಿನ ಸುತ್ತ ಕಪ್ಪು.

"ಆಲ್ದೋ ಅವರ ಹಾಳೆಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ" ಎಂದೆ. "ತಂಗಿ ಇನೆಸ್. ನಾನು ಅವರ ಮನೆಯಿಂದ ಬಂದಿದ್ದೀನಿ."

ಅವರ ಮುಖ ಬಿಳುಚಿಕೊಂಡಿತು. ಅಚ್ಚಿನವರ ಆ ಮುಖ ನನಗೆ ಚೆನ್ನಾಗಿ ಗೊತ್ತು.

"ಮಗ ಫೋನಲ್ಲಿ ಹೇಳಿದ್ದು, ಐದೂವರೆಗೆ. ನಾನು ಬರ್ಕೊಂಡೆ. ಲೈನು ಸರಿಯಿರ್ಲಿಲ್ಲ." ತಾವು ಗೀಚಿಕೊಂಡಿದ್ದ ಚೀಟಿ ಹುಡುಕಿ ನೋಡಿದರು. "ನಾನೇ ಬಿಟ್ಟಿರ್ಬೇಕು. ಆ ಹೆಂಗಸಿನ ಹೆಸರು ಬಿಡೋದು ಅಂದ್ರೆ!"

ಮನೆಯವರಿಗೆ ಒಮ್ಮೆ ಫೋನ್ ಮಾಡಿ ಕೇಳಲೇ ಎಂದು ಕೈ ಅತ್ತ ಹೋಯಿತು, ನಿಂತಿತು. "ಹೆಣ ಮನೇಲಿಟ್ಕೊಂಡು ಕೂತಿರೋರಿಗೆ ಇದನ್ನ ಕೇಳೋದು ಹೇಗೆ?" ಎಂದರು. "ಬೇಡ" ಎಂದೆ. ಅಪ್ಪನೂ ಕೇಳುತ್ತಿರಲಿಲ್ಲ. ಎಲ್ಲಿ ಸೇರಿಸಬೇಕು ಎಂದು ನಾನೇ ಬೆರಳಿಟ್ಟು ತೋರಿಸಿದೆ, ಮೊಮ್ಮಕ್ಕಳ ನಂತರ, ಬಂಧುಗಳಿಗೆ ಮೊದಲು. ಹನ್ನೊಂದು ಗಂಟೆಯ ಹೊತ್ತಿಗೆ ಹೊಸ ಹಾಳೆ ಹಳೆಯದರ ಮೇಲೆ ಕೂತಿತ್ತು. ಅಂಟಿಸುವವನು ಬ್ರಷ್ಷಿನಿಂದ ಸವರಿ ಗುಳ್ಳೆ ತೆಗೆಯುವುದನ್ನು ನೋಡಿ, ತೃಪ್ತಿಯಿಂದ ಮೆಟ್ಟಿಲು ಹತ್ತಿದೆ.

"ಅಣ್ಣ ಹೋದ್ರು" ಎಂದೆ.

ಅವರು ಗ್ಯಾಸಿನ ಒಲೆಯನ್ನು ಆರಿಸಿ, ಅದರ ತಿರುಪನ್ನು ಹಿಡಿದುಕೊಂಡೇ ನಿಂತರು.

"ನಿಮ್ಮ ಹೆಸರಿದೆ."

"ಸರಿಯಾಗಿ ಓದ್ದ್ಯಾ?"

"ಓದಿದೆ. ತಂಗಿ ಇನೆಸ್ ಅಂತಿದೆ."

ಇನೆಸ್ ಕುರ್ಚಿಯಲ್ಲಿ ಕುಸಿದು, ಬಾಯಿಗೆ ಅಡುಗೆಯ ಟವೆಲನ್ನು ಒತ್ತಿಕೊಂಡು ಅತ್ತರು. ನಾನು ಬೆನ್ನು ಸವರುತ್ತ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಆ ಇಡೀ ವರ್ಷದಲ್ಲಿ ನಾನು ನಿಜವಾಗಿ ನೆಮ್ಮದಿಯಿಂದಿದ್ದದ್ದು ಆ ಒಂದು ಗಂಟೆ.

ಮೂರು ಗಂಟೆಯ ಬಲಿಪೂಜೆ

ಮರುದಿನ ಅವರು ಕಪ್ಪು ಕೋಟನ್ನು ತಾವೇ ಬಿಗಿ ಮಾಡಿ ಹೊಲಿದುಕೊಂಡರು. ಮೂರು ಮಹಡಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಗೋಡೆಯ ಮುಂದೆ ನಿಲ್ಲಿಸು ಎಂದರು. ಕೈಗವಸು ತೆಗೆದು ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಗೋಂದು ಇನ್ನೂ ಪೂರ್ತಿ ಒಣಗಿರಲಿಲ್ಲ.

ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ಕೂತೆವು. ಶವಪೆಟ್ಟಿಗೆ ಮುಂದಿತ್ತು. ನಮ್ಮಲ್ಲಿ ತಮಟೆ, ಪಟಾಕಿ, ಹೂವು ಎರಚುವುದು, ಕಲ್ಲಹಳ್ಳಿ ಸ್ಮಶಾನದವರೆಗೂ ಒಂದು ಗದ್ದಲವಿರುತ್ತದೆ, ಅಳುವವರಿಗೆ ಮರೆಯಿರುತ್ತದೆ. ಇಲ್ಲಿ ಒಬ್ಬರು ಮೂಗೆಳೆದರೂ ಎಲ್ಲರಿಗೂ ಕೇಳುತ್ತದೆ. ಇನೆಸ್ ಅಳಲಿಲ್ಲ. ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆ ಇರಬೇಕು ಎಂದುಕೊಂಡೆ.

ಪೂಜೆ ಮುಗಿದ ಮೇಲೆ ಮನೆಯವರು ಬಾಗಿಲಲ್ಲಿ ಸಾಲಾಗಿ ನಿಂತರು. ಊರಿನವರು ಒಬ್ಬೊಬ್ಬರಾಗಿ ಕೈಕುಲುಕಿ ಹೊರಗೆ ಹೋಗುವುದು ಅಲ್ಲಿನ ಪದ್ಧತಿ. ಇನೆಸ್ ನನ್ನ ತೋಳು ಬಿಟ್ಟು ತಾವೇ ನಡೆದರು. ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು, ಹಿಂದಿನವರಿಗೂ ಕೇಳುವಂತೆ ಹೇಳಿದರು:

"ನನ್ನ ಹೆಸ್ರು ಹಾಕ್ಸಿದ್ರಿ. ತುಂಬ ಉಪಕಾರ ಆಯ್ತು."

ಅತ್ತಿಗೆ ಮುಖ ತಿರುಗಿಸಿ ಕೈ ಬಿಡಿಸಿಕೊಂಡಳು. ಪಕ್ಕದಲ್ಲಿದ್ದ ಮಗ, ಐವತ್ತರ ಹತ್ತಿರದ ಬೊಕ್ಕತಲೆಯ ಮನುಷ್ಯ, ಕೆಟ್ಟವನಲ್ಲ, ಕಷ್ಟಪಟ್ಟುಕೊಂಡು, ಆದಷ್ಟು ಮೆಲ್ಲಗೆ ಹೇಳಿದ.

"ನಾವು ಹಾಕ್ಸಿಲ್ಲ ಅತ್ತೆ. ಹಾಕ್ಬೇಡಿ ಅಂತ ಅಪ್ಪ ಹೇಳಿದ್ರು. ಆಸ್ಪತ್ರೇಲಿ, ಎರಡು ಸಲ ಹೇಳಿದ್ರು. ಪ್ರೆಸ್ಸಿನವನು ಏನೋ ತಪ್ಪು ಮಾಡಿದಾನೆ."

ಹಿಂದೆ ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ಇನೆಸ್ ತಲೆಯಾಡಿಸಿ, ಮುಂದಿನವರಿಗೆ ದಾರಿ ಬಿಟ್ಟು ಹೊರಗೆ ಬಂದರು. ಸ್ಮಶಾನಕ್ಕೆ ಹೋಗಲಿಲ್ಲ. ಚೌಕ ದಾಟಿ ನಮ್ಮ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ನೋಡಿದರು.

"ನೀನಾ?"

"ಹೌದು" ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ನಾನು ತೋಳು ಕೊಡಲು ಹೋದರೆ ಬೇಡ ಎಂದು ಕೈ ಅಡ್ಡ ಮಾಡಿದರು. ಎರಡನೇ ಮಹಡಿಯಲ್ಲಿ ಉಸಿರಿಗಾಗಿ ನಿಂತಾಗ ಗೋಡೆಗೆ ಹೇಳುವಂತೆ ಹೇಳಿದರು.

"ಒಳಗೆ ಕೂತು ಅವನನ್ನ ಕ್ಷಮಿಸ್ಬಿಟ್ಟೆ. ಇಪ್ಪತ್ತೆರಡು ವರ್ಷದ್ದೂ. ಅವನು ಕರೆದ ಅಂದ್ಕೊಂಡು. ಈಗ ಅದನ್ನ ಎಲ್ಲಿಂದ ವಾಪಸ್ ತಗೊಳ್ಲಿ?"

ದೂರವಾಣಿ ಬೂತು

ಆ ವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆ ಪ್ರೆಸ್ಸಿನ ಸದ್ದು ನಿಂತಿತು. ಅಪ್ಪ ಕಾಲು ತೆಗೆದಿರಬೇಕು.

"ಮನೆಯೋರನ್ನ ಕೇಳ್ದೆ ಹಾಕ್ಸಿಬಿಟ್ಯಾ?"

"ನೀವು ಕೇಳ್ತಿರಲಿಲ್ಲವಲ್ಲಪ್ಪ. ಆ ಎರಡನೇ ಅಳಿಯನ ಪೋಸ್ಟರು…"

"ಅದು ನಾನು ಬಿಟ್ಟಿದ್ದಲ್ಲಮ್ಮ. ಅವರ ಮನೆಯೋರೇ ಬಿಡ್ಸಿದ್ದು. ಅವನು ಗಲಾಟೆಗೆ ಬಂದ ಮೇಲೆ, ಪ್ರೆಸ್ಸಿನವನದೇ ತಪ್ಪು ಅಂದ್ಬಿಡಿ ಅಂತ ದೊಡ್ಡ ಮಗ ಹಿಂದಿನ ಬಾಗ್ಲಲ್ಲಿ ಬಂದು ಹೇಳಿ ಹೋದ. ಅಂದೆ. ಎಷ್ಟು ಸಲ ಅಂದಿದೀನೋ. ಮನೇಲಿ ಬಿಡ್ಸಿದ ಹೆಸರೇ ಜಾಸ್ತಿ, ನಾನು ಬಿಟ್ಟಿದ್ದು ಕಮ್ಮಿ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಇದನ್ನ ಅಲ್ಲಿವರ್ಗೂ ತಗೊಂಡು ಹೋಗ್ತೀಯ ಅಂತ ನಂಗೇನು ಗೊತ್ತು?"

ಬೂತಿನ ಗಾಜಿನ ಮೇಲೆ ನನ್ನ ಉಸಿರು ಮಂಜಾಗಿ ಕೂತಿತ್ತು. ಅಪ್ಪನ ಮೇಲೆ ಸಿಟ್ಟು ಬಂತು, ಬಹಳ ಸಿಟ್ಟು. ಇಷ್ಟು ವರ್ಷ ಗೋಡೆ ಓದಿ ತಪ್ಪು ಹುಡುಕಿದವಳಿಗೆ ಯಾವುದು ತಪ್ಪು ಎಂದೇ ಗೊತ್ತಿರಲಿಲ್ಲ. ಫೋನಿಟ್ಟು ನೇರ ರೆನಾತೋ ಹತ್ತಿರ ಹೋಗಿ ನಾನೇ ಊಹಿಸಿಕೊಂಡು ಬಂದೆ, ಯಾರೂ ಕಳಿಸಿರಲಿಲ್ಲ ಎಂದು ಒಪ್ಪಿಕೊಂಡೆ. ಆಲ್ದೋನ ಮಗ ಅಷ್ಟರಲ್ಲಿ ಬಂದು ಕೂಗಾಡಿ ಹೋಗಿದ್ದ. ರೆನಾತೋ ಮೊಳೆ ಒರೆಸುತ್ತ, "ನನ್ನ ತಪ್ಪು ಅಂತ ಊರಿಗೆಲ್ಲ ಹೇಳಾಗಿದೆ, ಹಾಗೇ ಇರ್ಲಿ" ಎಂದರು.

ಮೂವತ್ತಕ್ಕೆ ಇಪ್ಪತ್ನಾಲ್ಕು

ಇನೆಸ್ ನನ್ನನ್ನು ಹೊರಗೆ ಹಾಕಲಿಲ್ಲ. ಬೆಳಿಗ್ಗೆ ಕಾಫಿ ಇಡುತ್ತಿದ್ದರು, ಸಂಜೆ ಸೂಪು ಬಡಿಸುತ್ತಿದ್ದರು. ಗೋಡೆಯ ಸುದ್ದಿ ಮಾತ್ರ ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಒದ್ದೆ ತಲೆಗೆ ಬೈಯುವುದನ್ನೂ ಬಿಟ್ಟರು. ಹಾಗೆ ಬಿಟ್ಟದ್ದು ನನಗೆ ಚಳಿಗಿಂತ ಹೆಚ್ಚು ಕೊರೆಯಿತು. ಒಂದು ಭಾನುವಾರ ಬೇಕೆಂದೇ ನೀರು ತೊಟ್ಟಿಕ್ಕುವ ಕೂದಲಲ್ಲಿ ಅವರ ಮುಂದೆ ಓಡಾಡಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು.

ಅಲ್ಲಿನ ಪರೀಕ್ಷೆ ನಮ್ಮ ಹಾಗಲ್ಲ. ಹಾಲ್ ಟಿಕೆಟ್ಟು, ಉತ್ತರಪತ್ರಿಕೆ, ಗಂಟೆ ಬಾರಿಸುವುದು ಏನೂ ಇಲ್ಲ. ಪ್ರೊಫೆಸರ್ ಎದುರು ಕೂರಬೇಕು. ಹಿಂದೆ ಬೇಕಾದವರು ಬಂದು ಕೂತು ಕೇಳಬಹುದು. ಕೊನೆಗೆ ಅವರು ಮೂವತ್ತಕ್ಕೆ ಇಷ್ಟು ಎನ್ನುತ್ತಾರೆ. ಬೇಡವೆಂದರೆ ಅಂಕವನ್ನು ತಿರಸ್ಕರಿಸಿ ಮುಂದಿನ ಸಲ ಬರಬಹುದು. ಅಂಕಕ್ಕೆ ಬೇಡ ಎನ್ನುವುದನ್ನು ಕೇಳಿಯೇ ನನಗೆ ತಲೆ ತಿರುಗಿತ್ತು.

ನನ್ನ ಪ್ರಬಂಧದಲ್ಲಿ ಎರಡೂರಿನ ಹಾಳೆಗಳ ಹೋಲಿಕೆ, ಹೆಸರುಗಳ ಕ್ರಮ, ಅಂಚಿನ ಅಗಲ, ಎಲ್ಲ ಅಚ್ಚುಕಟ್ಟಾಗಿತ್ತು. ಆಲ್ದೋನ ಹಾಳೆ ಇರಲಿಲ್ಲ. ಪ್ರೊಫೆಸರ್ ಪುಟ ತಿರುವಿ ಕೇಳಿದರು.

"ಯಾರ ಹೆಸರು ಬರುತ್ತೆ ಅಂತ ಚೆನ್ನಾಗಿ ಬರೆದಿದೀರಿ. ಯಾರ ಹೆಸರು ಬರಲ್ಲ? ಅದನ್ನ ಯಾರು ತೀರ್ಮಾನಿಸ್ತಾರೆ?"

ಗೊತ್ತಿತ್ತು. ಆ ತರಗತಿಯಲ್ಲಿ ಅದು ನನ್ನಷ್ಟು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಹಿಂದೆ ಆ ಊರಿನ ಇಬ್ಬರು ಹುಡುಗಿಯರು ಕೂತಿದ್ದರು. ಬಾಯಿ ತೆರೆದರೆ ಸಂಜೆಗೆ ಇನೆಸ್ ಮತ್ತೆ ಊರಿನ ಬಾಯಲ್ಲಿರುತ್ತಿದ್ದರು.

"ಗೊತ್ತಿಲ್ಲ" ಎಂದೆ.

ಪ್ರೊಫೆಸರ್ ಪ್ರಬಂಧವನ್ನು ಮುಚ್ಚಿದರು. "ಇಪ್ಪತ್ನಾಲ್ಕು. ಒಪ್ಕೋತೀರಾ?"

ಒಪ್ಪಿಕೊಂಡೆ.

ಹೊರಡುವ ಹಿಂದಿನ ದಿನ

ಜೂನಿನಲ್ಲಿ ಆ ಊರು ಬೇರೆಯೇ ಊರು. ಕಿಟಕಿಗಳೆಲ್ಲ ತೆರೆದು, ಚೌಕದಲ್ಲಿ ಕುರ್ಚಿ ಹಾಕಿ, ಜನ ಬಿಸಿಲಿಗೆ ಮುಖ ಒಡ್ಡಿ ಕೂ‍ರುತ್ತಾರೆ. ಪ್ರವಾಸಿಗರು ಬಂದು ಗೋಡೆಯ ಹಾಳೆಗಳ ಫೋಟೋ ತೆಗೆಯುತ್ತಾರೆ. ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಇನೆಸ್ ಕೋಲು ಹಿಡಿದು ಬಾಗಿಲಲ್ಲಿ ನಿಂತರು.

"ಕೆಳಗೆ ಬಾ. ಒಂದು ಕೆಲಸ ಇದೆ."

ಐದು ತಿಂಗಳಲ್ಲಿ ಅವರು ತಾವಾಗಿ ನನ್ನನ್ನು ಕರೆದದ್ದು ಅದೇ ಮೊದಲು. ಐಸ್‌ಕ್ರೀಮು ಕೊಡಿಸುತ್ತಾರೆ, ಬೀಳ್ಕೊಡುಗೆ ಎಂದು ಆಸೆಪಟ್ಟೆ. ಅವರು ಚೌಕ ದಾಟಿ ಚರ್ಚಿನ ಹಿಂದಿನ ಇಳಿಜಾರಿಗೆ ತಿರುಗಿದರು. ರೆನಾತೋ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಕೈ ಒರೆಸಿಕೊಂಡು ಎದ್ದರು.

"ನನ್ನ ಹಾಳೆ ಮಾಡ್ಸೋಕೆ ಬಂದೆ" ಎಂದರು ಇನೆಸ್. "ಇವತ್ತೇ ಅಚ್ಚು ಹಾಕಿ ಇಟ್ಬಿಡು. ತಾರೀಕು ಆಮೇಲೆ ಕೈಯಲ್ಲಿ ಬರ್ಕೋ."

ರೆನಾತೋ ಕೈ ತಾನಾಗಿ ಕಬ್ಬಿಣದ ಯಂತ್ರವನ್ನು ಮುಟ್ಟಿತು. ಆದರೂ ಪೆನ್ಸಿಲು ತೆಗೆದುಕೊಂಡರು. ಹೆಸರು, ಹುಟ್ಟಿದ ವರ್ಷ, ಹೊಲಿಗೆಯವಳು ಎಂಬ ಮಾತು, ಚರ್ಚು. ಇನೆಸ್ ಬಟ್ಟೆಯ ಅಳತೆ ಹೇಳುವಂತೆ ಹೇಳುತ್ತ ಹೋದರು.

"ಸುದ್ದಿ ತಿಳಿಸುವವರು ಯಾರು ಅಂತ ಹಾಕ್ಲಿ?"

"ಯಾರೂ ಇಲ್ಲ."

"ಹಾಗೆ ಹಾಕೋಕೆ ಬರಲ್ಲ ಇನೆಸ್. ಆ ಸಾಲು ಖಾಲಿ ಬಿಟ್ರೆ ಚೆನ್ನಾಗಿರಲ್ಲ. ಸೋದರಳಿಯ…"

"ನಾನೇ ಅಂತ ಹಾಕು. ತಿಳಿಸುವವಳು, ಸ್ವತಃ ಇನೆಸ್."

ನನಗೆ ತಡೆಯಲಾಗಲಿಲ್ಲ. "ನನ್ನ ಹೆಸರು ಹಾಕಿ" ಎಂದೆ. ಇನೆಸ್ ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ಬೇಡ. ಹಾಳೆಗೆ ಹೆಸರು ಸೇರ್ಸಿದ್ದು ಸಾಕು ನೀನು."

ರೆನಾತೋ ಮೊಳೆ ಜೋಡಿಸಿದರು. ಮೊದಲ ಹಾಳೆ ಹೊರಬಂದಾಗ ಇನೆಸ್ ಅದನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟರು.

"ಓದು. ತಪ್ಪಿದ್ರೆ ಈಗ ಹೇಳು."

ಮಸಿ ಹಸಿಯಾಗಿತ್ತು. ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಬಿಡಿಸಿ ಓದಿದೆ. ಅಂಚು ನಾಲ್ಕೂ ಕಡೆ ಸಮನಾಗಿತ್ತು. ಸಾಲುಗಳು ನೇರವಾಗಿದ್ದವು. ಸಾವಿನ ತಾರೀಕಿನ ಜಾಗ ಬೆಳ್ಳಗೆ ಖಾಲಿ ಇತ್ತು. ಒಂದೇ ಒಂದು ತಪ್ಪು ಸಿಗಲಿ ಎಂದು ಬಯಸಿ ಇನ್ನೊಮ್ಮೆ ಓದಿದೆ. ಸಿಗಲಿಲ್ಲ.

"ಸರಿಯಿದೆ" ಎಂದೆ.

ನೋಡಿದವರು ಹಾಳೆಯ ಹಿಂದೆ ಸಹಿ ಹಾಕಬೇಕು, ಅದು ಆ ಮುದ್ರಣಾಲಯದ ಕ್ರಮ. ಜನವರಿಯ ಗಲಾಟೆಯ ನಂತರ ಶುರು ಮಾಡಿದ್ದಂತೆ. ರೆನಾತೋ ಪೆನ್ಸಿಲನ್ನು ಇನೆಸ್ ಕಡೆ ಚಾಚಿದರು. ಇನೆಸ್ ನನ್ನ ಕಡೆ ಗಲ್ಲ ತೋರಿಸಿ, "ಓದಿದ್ದು ಇವಳು" ಎಂದರು.

ಹಾಳೆ ಮಗುಚಿ, ತಪ್ಪಿಲ್ಲ ಎಂದು ಬರೆದು, ಅದರ ಕೆಳಗೆ ನನ್ನ ಹೆಸರು ಬರೆದೆ. ರೆನಾತೋ ಅದನ್ನು ವ್ಯರ್ಥ ಮಾಡದೆ ಉಳಿದ ಹಾಳೆಗಳ ಜೊತೆಗೇ ಸೇರಿಸಿ ಕಪಾಟಿನಲ್ಲಿಟ್ಟರು. ಗೋಡೆಗೆ ಹಾಕುವಾಗ ಗೋಂದು ಹಚ್ಚುವುದು ನನ್ನ ಹೆಸರಿರುವ ಬದಿಗೆ.